ಕಲ್ಲಿಗೆ ಅರ್ಥ ಹೇಳುವ ಸೊಸೆ

ನನಗೆ ಇತಿಹಾಸದ ಹುಚ್ಚು ಹಿಡಿದದ್ದು ಶುಗರ್ ಬಂದ ಮೇಲೆ. ಕಲಬುರಗಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, "ದಿನಾ ನಡೀಬೇಕ್ರಿ ಟೀಚರ್" ಅಂದರು. ನರೋಣಾದಲ್ಲಿ ನಡೆಯಲು ನನಗಿದ್ದದ್ದು ಎರಡೇ ದಾರಿ. ಬಸ್ಸು ನಿಲ್ಲುವ ಕಡೆ ಹೊರಟರೆ ನನ್ನ ಶಾಲೆಯ ಮಕ್ಕಳ ತಾಯಂದಿರು ಒಬ್ಬರಾದ ಮೇಲೊಬ್ಬರು ಹಿಡಿದು ನಿಲ್ಲಿಸುತ್ತಾರೆ. ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚಾಗುತ್ತದೆ, ಮೇಲೆ ಸಕ್ಕರೆ ಹಾಕಿದ ಚಹಾ ಬೇರೆ. ಇನ್ನೊಂದು ದಾರಿ ನಮ್ಮ ಹೊಲದ್ದು. ತೊಗರಿ ದಾಟಿದರೆ ಗುಡ್ಡ, ಗುಡ್ಡದ ಮೈತುಂಬ ಸೀತಾಫಲ, ಜಾಲಿ, ಕಾರಿಕಂಟಿ. ಅದನ್ನು ನಾವು ಕಾಡು ಅನ್ನುತ್ತೇವೆ. ಬೇರೆ ಕಡೆಯವರು ನೋಡಿದರೆ ನಕ್ಕಾರು. ನಗಲಿ, ನಮಗಿರುವುದು ಅದೊಂದೇ.

ಶಾಲೆ ಬಿಟ್ಟ ಮೇಲೆ ಆ ಕಾಡಿನಲ್ಲಿ ಒಬ್ಬಳೇ ತಿರುಗುತ್ತಿದ್ದೆ. ಜೊತೆಗೆ ಯಾರೂ ಇಲ್ಲದಾಗ ಕಣ್ಣಿಗೆ ಕೆಲಸ ಹೆಚ್ಚು. ಮೊದಲನೆಯ ವಾರ ಬರೀ ಕಲ್ಲು ಕಂಡವು. ಎರಡನೆಯ ವಾರ ಒಂದು ಕಲ್ಲು ಕುಳಿತ ಒಂಟೆಯಾಯಿತು. ಆಮೇಲೆ ನೀರಿನಲ್ಲಿ ಮಲಗಿದ ಎಮ್ಮೆ ಸಿಕ್ಕಿತು, ಹೆಗಲ ಮೇಲೆ ಕೂಸನ್ನು ಕೂರಿಸಿಕೊಂಡ ಹೆಂಗಸು ಸಿಕ್ಕಳು, ಹ್ಯಾಂಡಲ್ ಇಲ್ಲದ ಒಂದು ಸ್ಕೂಟರೂ ಸಿಕ್ಕಿತು. ಸ್ಕೂಟರಿನ ಸುದ್ದಿಯನ್ನು ನಾನು ಯಾರಿಗೂ ಹೇಳಲಿಲ್ಲ. ಶಿಲಾಯುಗದವರ ಹತ್ತಿರ ಅದು ಇರಲಿಕ್ಕಿಲ್ಲ ಎಂಬಷ್ಟು ತಿಳುವಳಿಕೆ ನನಗೂ ಇತ್ತು. ಉಳಿದದ್ದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಮಾವನವರ ಮುಂದೆ ಒಪ್ಪಿಸುತ್ತಿದ್ದೆ.

ಮಾವನವರೆಂದರೆ ನನ್ನ ಗಂಡನ ತಂದೆ. ಆಳಂದದಲ್ಲಿ ಬಟ್ಟೆ ಅಂಗಡಿ ನಡೆಸಿ, ವಯಸ್ಸಾದ ಮೇಲೆ ಮುಚ್ಚಿ, ಹೊಲ ನೋಡಿಕೊಂಡು ಇದ್ದವರು. ಅವರು ಕಟ್ಟಾ ಶರಣರು. ಬೆಳಿಗ್ಗೆ ಸ್ನಾನ ಮಾಡಿ ಅಂಗೈ ಮೇಲೆ ಇಷ್ಟಲಿಂಗ ಇಟ್ಟು ಪೂಜೆ ಮಾಡಿದರೆ ಮುಗಿಯಿತು, ಇನ್ನು ಯಾವ ಗುಡಿಗೂ ಕೈ ಮುಗಿಯುವವರಲ್ಲ. ಹೊಲದ ಬದುವಿನ ಮೇಲಿನ ಕಲ್ಲಿಗೆ ಊರವರೆಲ್ಲ ಕಾಯಿ ಒಡೆದರೆ ಇವರು ಅದರ ಮೇಲೆ ಟವೆಲ್ ಒಣಗಿಸುತ್ತಿದ್ದರು. ನನ್ನ ಒಂಟೆ, ಎಮ್ಮೆ, ಹೆಂಗಸಿನ ಕಥೆಯನ್ನೆಲ್ಲ ಕೇಳಿ, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತ ಒಂದೇ ಮಾತು ಹೇಳುತ್ತಿದ್ದರು:

"ಕಲ್ಲು ಅಂದ್ರ ಕಲ್ಲು ಯವ್ವಾ."

ನನಗೆ ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನರೋಣಾಕ್ಕೂ ಅಫಜಲಪುರಕ್ಕೂ ಗೊತ್ತಿರುವ ವಿಷಯ. ಅಫಜಲಪುರ ನನ್ನ ತವರು. ಮದುವೆಯಾದ ಹೊಸತರಲ್ಲಿ ಅತ್ತೆ "ಸಾರಿಗೆ ಉಪ್ಪು ಜರಾ ಕಮ್ಮಿ" ಅಂದರೂ ಸಾಕು, ಬ್ಯಾಗು ಹಿಡಿದು ತವರಿಗೆ ಹೊರಟುಬಿಡುತ್ತಿದ್ದೆ. ಬಸ್ ಕಂಡಕ್ಟರ್ ನನ್ನನ್ನು ನೋಡಿದ ಕೂಡಲೇ ಕೇಳದೆಯೇ ಟಿಕೆಟ್ ಹರಿಯುತ್ತಿದ್ದ. ನಾಲ್ಕು ದಿನಕ್ಕೆ ಮಾವನವರು ಬಂದು, ನಮ್ಮಪ್ಪನ ಜೊತೆ ಮಳೆ ಬೆಳೆ ಮಾತಾಡಿ, ಏನೂ ಆಗಿಯೇ ಇಲ್ಲವೆಂಬಂತೆ ನನ್ನನ್ನು ವಾಪಸು ಕರೆದುಕೊಂಡು ಬರುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು, "ಬಂದ್ಯಾ? ಕೈಕಾಲು ತೊಳಕೋ, ಊಟಕ್ಕ ಕೂಡು" ಅನ್ನುತ್ತಿದ್ದರು. ಬೇರೆ ಮಾತೇ ಇಲ್ಲ. ಆ ಅತ್ತೆ ತೀರಿಕೊಂಡು ಈಗ ಎರಡು ವರ್ಷದ ಮೇಲಾಯಿತು. ನಮ್ಮ ಪದ್ಧತಿಯಂತೆ ಹೊಲದಲ್ಲೇ, ಗುಡ್ಡದ ಬುಡದ ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದೆವು. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದೇವೆ. ಅದು ಯಾರಿಗೆಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಗುಪ್ಪೆಗಳು ಸಿಕ್ಕಿದ್ದು ಸೀತಾಫಲದ ಕಾಲದಲ್ಲಿ. ಕಣ್ಣು ಬಿಟ್ಟ ಹಣ್ಣು ಹುಡುಕುತ್ತ ಅದುವರೆಗೆ ಹೋಗದ ಗುಡ್ಡದ ನೆತ್ತಿಯವರೆಗೆ ಹತ್ತಿದೆ. ಶುಗರ್ ಇದ್ದವಳಿಗೆ ಸೀತಾಫಲ ಯಾಕೆ ಎಂದು ಕೇಳಬೇಡಿ. ಅಲ್ಲಿ ಕಂಟಿಗಳ ನಡುವೆ ಸ್ವಲ್ಪ ಸಮತಟ್ಟು ಜಾಗ, ಆ ಜಾಗದಲ್ಲಿ ಸಾಲಾಗಿ ಕಲ್ಲಿನ ಗುಪ್ಪೆಗಳು. ಕೆಳಗೆ ದೊಡ್ಡ ಕಲ್ಲು, ಅದರ ಮೇಲೆ ಅದಕ್ಕಿಂತ ಸಣ್ಣದು, ಮತ್ತೆ ಸಣ್ಣದು. ಕೆಲವಕ್ಕೆ ತುದಿಯಲ್ಲಿ ಚಪ್ಪಟೆಯಾದ ತಿಳಿಬೂದು ಬಣ್ಣದ ಕಲ್ಲು ಹೊದಿಸಿತ್ತು, ಕೆಲವಕ್ಕೆ ಇರಲಿಲ್ಲ. ಆ ಚಪ್ಪಟೆ ಕಲ್ಲು ನಮ್ಮ ಗುಡ್ಡದ್ದಲ್ಲ. ನಮ್ಮ ಕಡೆಯದೆಲ್ಲ ಕರಿಕಲ್ಲು. ಇದು ಭೀಮೆಯ ಆಚೆ, ಜೇವರ್ಗಿ ಕಡೆಯ ಫರಸಿ ಕಲ್ಲು. ಅಂದರೆ ಯಾರೋ ಪುರಾತನರು ತಮ್ಮ ಹಿರಿಯರ ಗೋರಿಗಳಿಗೆ ಹೊದಿಸಲು ಅಷ್ಟು ದೂರದಿಂದ, ಹೊಳೆ ದಾಟಿಸಿ, ಈ ಕಲ್ಲು ಹೊತ್ತು ತಂದಿದ್ದಾರೆ!

ಹರಕೆಯ ಕಲ್ಲುಗಳಿರಬಹುದೇ ಎಂದು ಯೋಚಿಸದೆ ಇರಲಿಲ್ಲ. ದೇವರ ಗುಡ್ಡಗಳಿಗೆ ಹೋದವರು ಸ್ವಂತ ಮನೆಯಾಗಲಿ ಎಂದು ಕಲ್ಲಿನ ಮೇಲೆ ಕಲ್ಲಿಟ್ಟು ಮನೆ ಕಟ್ಟಿ ಬರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ದೇವರು ಬೇಕಲ್ಲ? ಈ ಗುಡ್ಡದ ಮೇಲೆ ಗುಡಿ ಹೋಗಲಿ, ಕುಂಕುಮ ಹಚ್ಚಿದ ಒಂದು ಕಲ್ಲೂ ಇಲ್ಲ. ಹೀಗೆ ತರ್ಕ ಮಾಡಿ ಆ ಮಾತನ್ನು ಅಲ್ಲೇ ತಳ್ಳಿಹಾಕಿದೆ. ನನ್ನ ತರ್ಕಕ್ಕೆ ನಾನೇ ತಲೆದೂಗಿದ್ದು ಚೆನ್ನಾಗಿ ನೆನಪಿದೆ.

ರಾತ್ರಿ ಮಾವನವರಿಗೆ ಗೋರಿಗಳ ವಿಷಯ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಗೋರಿ?"

"ಹೌದ್ರಿ ಮಾವಾರ. ಭಾಳ ಹಳೇವು. ಮ್ಯಾಲ ಫರಸಿ ಇದ್ದವು ಶ್ರೀಮಂತರವು, ಇಲ್ಲದವು ಬಡವರವು."

"ಹಾಂ, ಇರಬಹುದು" ಅಂದರು ಮಾವನವರು, ಗಂಭೀರವಾಗಿ. 'ಕಲ್ಲು ಅಂದ್ರ ಕಲ್ಲು' ಅನ್ನಲಿಲ್ಲ. ಕೊನೆಗೂ ಮುದುಕರು ದಾರಿಗೆ ಬಂದರು ಎಂದುಕೊಂಡೆ.

ಮರುದಿನದಿಂದ ಅವರೇ ಕೇಳತೊಡಗಿದರು. "ಏನು ಯವ್ವಾ, ಇವತ್ತ ಯಾರ ಗೋರಿ ನೋಡಿ ಬಂದಿ?" ನಾನು ಹುರುಪಿನಿಂದ ಒಂದೊಂದಕ್ಕೂ ಒಬ್ಬೊಬ್ಬ ಯಜಮಾನನನ್ನು ಹುಟ್ಟಿಸಿ ಹೇಳುತ್ತಿದ್ದೆ. ಎಲ್ಲಕ್ಕಿಂತ ದೊಡ್ಡದು ಮುಖ್ಯಸ್ಥನದು. ಅದರ ಪಕ್ಕದ್ದು ಅವನ ಮಗನದು. ಸಾಲಿನ ನಡುವೆ ಒಂದು ಸೊಟ್ಟ ಗುಪ್ಪೆ ಇತ್ತು, ಅತ್ತ ವಾಲಿ ಇತ್ತ ವಾಲಿ ಹೇಗೋ ನಿಂತದ್ದು. ಅದರ ಮೇಲಿನ ಫರಸಿ ಮಾತ್ರ ಉಳಿದವುಗಳಂತೆ ಕಪ್ಪು ಹಿಡಿದಿರಲಿಲ್ಲ. "ಅದು ಯಾರೋ ಲೆಕ್ಕಕ್ಕಿಲ್ಲದವರದು ರಿ. ಸುಮ್ಕ ಒಟ್ಟಿ ಹೋಗ್ಯಾರ. ಫರಸಿ ಮಾತ್ರ ಆಮ್ಯಾಲ ಯಾರೋ ಪಾಪ ಅಂತ ಇಟ್ಟಾರ" ಅಂದೆ. ಮಾವನವರಿಗೆ ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ನೀರು ಕೊಟ್ಟೆ. ಕೆಮ್ಮು ನಿಂತ ಮೇಲೂ ಅವರ ಹೆಗಲು ಬಹಳ ಹೊತ್ತು ಅಲುಗಾಡುತ್ತಿತ್ತು.

ಇನ್ನೊಂದು ವಿಚಿತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಸಂಜೆ ಮೇಕೆಗಳು ನುಗ್ಗಿ ಒಂದೆರಡು ಗುಪ್ಪೆ ಬೀಳಿಸಿ ಹೋದರೆ, ಮರುದಿನ ನಾನು ಹೋಗುವಷ್ಟರಲ್ಲಿ ಅವು ಮೊದಲಿನಂತೆಯೇ ನಿಂತಿರುತ್ತಿದ್ದವು. ಅಂದರೆ ಆ ಪುರಾತನರ ವಂಶದವರು ಇನ್ನೂ ಸುತ್ತಮುತ್ತ ಎಲ್ಲೋ ಇದ್ದಾರೆ, ಗುಟ್ಟಾಗಿ ಬಂದು ಸೇವೆ ಮಾಡಿ ಹೋಗುತ್ತಾರೆ! ಇದನ್ನೂ ಮಾವನವರಿಗೆ ಹೇಳಿದೆ. ಅವರು ತಟ್ಟೆ ನೋಡುತ್ತ, "ಇರಬಹುದು, ಇರಬಹುದು" ಅಂದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವರಿಗೂ ಸುಖವಿತ್ತು, ನನಗೂ ಸುಖವಿತ್ತು. ನಾನು ಫೋಟೋ ತೆಗೆದೆ. ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ ತೆಗೆದದ್ದರಿಂದ ಮೊಣಕಾಲೆತ್ತರದ ಗುಪ್ಪೆಗಳು ಆಳೆತ್ತರ ಕಂಡವು. ಮೊಬೈಲಿನಲ್ಲಿ ಕೈಯಿಂದ ಕೈಗೆ ಹೋಗಿ ಅವು ಕಲಬುರಗಿಯ ಒಬ್ಬ ನಿವೃತ್ತ ಇತಿಹಾಸದ ಅಧ್ಯಾಪಕರನ್ನು ತಲುಪಿದವು. ಅವರು ಫೋನು ಮಾಡಿ, ಭಾನುವಾರ ಬಂದು ನೋಡುತ್ತೇನೆ, ಅಗೆಯುವುದು ಬೇಡ, ಬೇಕಾದರೆ ಒಂದರ ಮೇಲಿನ ಕಲ್ಲು ಸರಿಸಿ ಒಳಗೇನಿದೆ ನೋಡೋಣ ಅಂದರು. ನನಗೆ ಮುಗಿಲು ಮೂರೇ ಗೇಣು ಉಳಿಯಿತು.

ಮಾವನವರಿಗೆ ಹೇಳಿದೆ. ಅವರ ಮುಖ ಇಳಿಯಿತು.

"ಕಲ್ಲು ಸರಸೂದು ಎದಕ್ಕ? ಬ್ಯಾಡ ಯವ್ವಾ."

"ಯಾಕ್ರಿ?"

"ಹಾವು ಇರ್ತಾವ."

"ಸರ್ ಕೋಲು ತರ್ತಾರ್ರಿ."

"ಚೇಳು ಇರ್ತಾವ. ಅವರಿಗೂ ವಯಸ್ಸಾಗಿರಬೇಕು, ಗುಡ್ಡ ಹತ್ತೂದು ಬರೋಬರ್ ಅಲ್ಲ. ಫಾರೆಸ್ಟಿನವರು ಏನರೆ ಅಂದ್ರ?"

ಊರ ದೇವರಿಗೇ ಹೆದರದ ಮನುಷ್ಯ ಫಾರೆಸ್ಟಿನವರಿಗೆ ಹೆದರುವುದು ನನಗೆ ತಮಾಷೆಯಾಗಿ ಕಂಡಿತು. ಆ ವಾರ ಅವರು ನನ್ನ ಗೋರಿಗಳ ಸುದ್ದಿ ಕೇಳಲಿಲ್ಲ. ಎರಡು ರೊಟ್ಟಿ ತಿನ್ನುವವರು ಒಂದಕ್ಕೇ ಏಳುತ್ತಿದ್ದರು. ಜೇವರ್ಗಿಯಲ್ಲಿ ನೌಕರಿ ಮಾಡುವ ನನ್ನ ಗಂಡ ಶನಿವಾರ ಮನೆಗೆ ಬಂದವರೇ, "ಅಪ್ಪಗ ಏನಾಗ್ಯಾದ? ನೀ ಏನರೆ ಅಂದಿ ಏನು?" ಎಂದು ನನ್ನನ್ನೇ ಹಿಡಿದುಕೊಂಡರು. ಈ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ನನ್ನ ಮುಖ ನೋಡುವುದು ವಾಡಿಕೆ. ನಾನು ಏನೂ ಅಂದಿಲ್ಲವೆಂದು ಪ್ರಮಾಣ ಮಾಡಿದೆ. ಆದರೆ ಒಳಗೊಳಗೆ ಒಂದು ಗೊತ್ತಾಗಿತ್ತು. ಆ ಗುಪ್ಪೆಗಳನ್ನು ಮುಟ್ಟಿದರೆ ಮುದುಕರಿಗೆ ಏನೋ ನೋವಾಗುತ್ತದೆ. ಏನು ಎಂದು ಮಾತ್ರ ತಿಳಿಯಲಿಲ್ಲ. ತಿಳಿಯದಿದ್ದರೂ ಭಾನುವಾರದ ಭೇಟಿಯನ್ನು ಬೇಡವೆನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಜೀವಮಾನದಲ್ಲಿ ನಾನು ಕಂಡುಹಿಡಿದದ್ದು ಅದೊಂದೇ.

ಭಾನುವಾರ ಅಧ್ಯಾಪಕರು ಮೊದಲ ಬಸ್ಸಿಗೇ ಬಂದರು. ಸಂಭಾವಿತ ಮನುಷ್ಯ, ತಲೆಗೆ ಬಿಸಿಲ ಟೋಪಿ, ಹೆಗಲಿಗೆ ನೀರಿನ ಬಾಟಲಿ. ಮಾವನವರು ಅವರಿಗೆ ಚಹಾ ಕೊಡಿಸಿ, ಮಾತಿಗೆ ಹಿಡಿದು ಕೂರಿಸಲು ಬಹಳ ನೋಡಿದರು. ನಾನು ಬಿಡಲಿಲ್ಲ. ಇಬ್ಬರೂ ಗುಡ್ಡ ಹತ್ತಿದೆವು. ಗುಪ್ಪೆಗಳನ್ನು ಕಂಡ ಕೂಡಲೇ ಅವರು ಒಂದರ ಎತ್ತರವನ್ನು ತಮ್ಮ ಮೊಣಕಾಲಿಗೆ ಅಳತೆ ಹಿಡಿದು ನೋಡಿದರು.

"ಫೋಟೋದಾಗ ಜರಾ ದೊಡ್ಡವು ಕಂಡಿದ್ದವು, ಮೇಡಂ."

ನಾನು ಕೇಳಿಸದವಳಂತೆ ಫರಸಿಯ ಕಡೆ ಬೆರಳು ತೋರಿಸಿದೆ. ಅವರು ಬಗ್ಗಿ ನೋಡಿ, "ಹೌದ್ರಿ, ಇದು ಇಲ್ಲೀ ಕಲ್ಲಲ್ಲ, ನೀವು ಅಂದಿದ್ದು ಖರೆ" ಅಂದರು. ನಾನು ಸ್ವಲ್ಪ ಉಬ್ಬಿದೆ. ಅವರು ಸಾಲನ್ನೆಲ್ಲ ಒಮ್ಮೆ ಸುತ್ತಿ ಬಂದು ಸೊಟ್ಟ ಗುಪ್ಪೆಯ ಮುಂದೆ ಕುಳಿತರು. ಇದರ ಫರಸಿ ಸಡಿಲವಾಗಿದೆ, ಇದನ್ನೇ ಎತ್ತಿ ನೋಡೋಣ ಎಂದು ಎರಡೂ ಕೈ ಚಾಚಿದರು.

"ಅದಕ್ಕ ಕೈ ಹಚ್ಚಬ್ಯಾಡ್ರಿ!"

ತಿರುಗಿ ನೋಡಿದರೆ ಮಾವನವರು. ಧೋತರ ಮೊಣಕಾಲಿಗೆ ಎತ್ತಿ ಕಟ್ಟಿದ್ದರು, ಕಂಟಿ ತಾಗಿ ಮೀನಖಂಡ ತರಚಿತ್ತು, ಏದುಸಿರು. ಬಂದವರೇ ಸೊಟ್ಟ ಗುಪ್ಪೆಗೂ ಅಧ್ಯಾಪಕರಿಗೂ ನಡುವೆ ಕೋಲೂರಿ ನಿಂತರು.

"ಅದು ಗೋರಿ ಅಲ್ಲರಿ ಸರ್. ಮನಿ."

"ಮನಿ?"

"ನನ್ನ ಹೆಂಡ್ತಿ ಕಟ್ಟಿದ ಮನಿ."

ಅವರು ಒಂದು ಕಲ್ಲಿನ ಮೇಲೆ ಕುಳಿತರು. ಅದು ನನ್ನ ಎಮ್ಮೆಯಂಥದೇ ಇನ್ನೊಂದು ಕಲ್ಲು, ಆದರೆ ಆಗ ಅದನ್ನು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಧ್ಯಾಪಕರು ನೀರು ಕೊಟ್ಟರು. ಕುಡಿದು ಮಾವನವರು ನನ್ನ ಕಡೆ ನೋಡದೆ ಹೇಳತೊಡಗಿದರು.

"ಪಾಲಾದಾಗ ಮನಿ ಅಣ್ಣಂದಿರಿಗೆ ಹೋತು, ಹೊಲ ನನಗ ಬಂತು. ಭಾಳ ದಿನ ಬಾಡಿಗಿ ಮನ್ಯಾಗ ಇದ್ವಿ. ದೇವರ ಗುಡ್ಡಕ್ಕ ಹೋಗಿ ಕಲ್ಲಿನ ಮನಿ ಕಟ್ಟಿ ಬರ್ತೇನಿ ಅಂದಳು. ಕೊರಳಾಗ ಲಿಂಗ ಇಟ್ಕೊಂಡು ಗುಡಿ ಮೆಟ್ಟಲ ಹತ್ತತಿ ಏನು ಅಂತ ನಾ ಬೈದೆ. ಅಕಿ ಗುಡಿಗಿ ಹೋಗಲಿಲ್ಲರಿ. ಗುಡೀನ ಇಲ್ಲದ ಗುಡ್ಡ ಹುಡುಕಿದಳು."

ಅಧ್ಯಾಪಕರು ನಗು ತಡೆಯಲು ಟೋಪಿ ಸರಿಮಾಡಿಕೊಂಡರು.

ಸ್ವಂತ ಮನೆಯಾದಾಗ ಜೇವರ್ಗಿ ಕಡೆಯ ಕೊಳಕೂರದಿಂದ ಅತ್ತೆಯ ತಮ್ಮ ನೆಲಕ್ಕೆ ಹಾಸಲು ಒಂದು ಲಾರಿ ಫರಸಿ ಕಳಿಸಿದ್ದರಂತೆ. ಒಡೆದ ಒಂದು ತುಂಡನ್ನು ಅತ್ತೆ ಸೆರಗಲ್ಲಿ ಕಟ್ಟಿಕೊಂಡು ಗುಡ್ಡ ಹತ್ತಿ ಇಲ್ಲಿ ತಾವು ಕಟ್ಟಿದ ಮೊದಲ ಗುಪ್ಪೆಗೆ ಮಾಳಿಗೆ ಹೊದಿಸಿದ್ದರು. ಹರಕೆ ಮುಟ್ಟಿತು ಎಂಬುದಕ್ಕೆ ಗುರುತು. ನಾನು ತಲೆ ತಗ್ಗಿಸಿದೆ. ಆ ಕಲ್ಲು ನಮ್ಮ ಅಡುಗೆಮನೆಯ ನೆಲದ್ದು. ಇಷ್ಟು ವರ್ಷ ಅದರ ಮೇಲೆ ನಿಂತೇ ರೊಟ್ಟಿ ಬಡಿದಿದ್ದೇನೆ, ಅದನ್ನೇ ಒರೆಸಿದ್ದೇನೆ, ಗುಡ್ಡದ ಮೇಲೆ ಕಂಡಾಗ ಮಾತ್ರ ಅದು ಪುರಾತನರದಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು.

"ಆಮ್ಯಾಲ ರೂಢಿ ಆತು" ಅಂದರು ಮಾವನವರು. "ಮಗನ ನೌಕರಿಗಿ ಒಂದು, ತಮ್ಮಗ ಮಕ್ಕಳಾಗಲಿ ಅಂತ ಒಂದು. ಏನು ಬೇಕಾದ್ರೂ ಮನೀನ ಕಟ್ಟತಿದ್ದಳು. ಅಕಿಗಿ ಬರ್ತಿದ್ದದ್ದ ಅದೊಂದು. ಆಗಿದ್ದಕ್ಕ ಫರಸಿ, ಆಗದಿದ್ದದ್ದು ಹಂಗ. ಅಲ್ಲಿ ಆ ತುದೀದು ನೋಡ್ರಿ, ನನ್ನ ಸಿಟ್ಟು ಕಮ್ಮಿ ಆಗಲಿ ಅಂತ ಕಟ್ಟಿದ್ದು. ಅದಕ್ಕ ಇನ್ನೂ ಫರಸಿ ಬಿದ್ದಿಲ್ಲ."

ಅಧ್ಯಾಪಕರು ಈಗ ಬಾಯಿಬಿಟ್ಟೇ ನಕ್ಕರು. ನನಗೂ ನಗು ಬಂತು. ಆ ಬಡವನ ಗೋರಿಯ ಬಗ್ಗೆ ಒಂದು ಸಂಜೆಯಿಡೀ ಮರುಕಪಟ್ಟಿದ್ದೆ. ನಗುತ್ತಲೇ ಕೇಳಿದೆ:

"ಮತ್ತ ಈ ಸೊಟ್ಟಂದು ಯಾರದ್ರಿ ಮಾವಾರ?"

ಮಾವನವರು ಕೋಲಿನ ತುದಿಯಿಂದ ನೆಲ ಕೆದಕಿದರು.

"ಅದು ನಿಂದು ಯವ್ವಾ. ನೀ ಹೊಸದಾಗಿ ಬಂದಾಗ ತಿಂಗಳಿಗೆ ಎರಡು ಸಲ ಅಫಜಲಪುರ ಬಸ್ ಹತ್ತತಿದ್ದೆಲ್ಲ. ಸೊಸಿ ಈ ಮನ್ಯಾಗ ನಿಲ್ಲಲಿ ಅಂತ ಕಟ್ಟಿದ್ದು. ನಾ ನಿನ್ನ ಕರಕೊಂಡು ಬರಾಕ ಹೋದಾಗ ಅಕಿ ಇಲ್ಲಿ ಬಂದು ಇದನ್ನ ನೆಟ್ಟಗ ಮಾಡತಿದ್ದಳಂತ. ಭಾಳ ಸಲ ಬಿದ್ದದ ಇದು, ಅದಕ್ಕ ಸೊಟ್ಟ."

'ಬಂದ್ಯಾ? ಕೈಕಾಲು ತೊಳಕೋ' ಎಂದು ಬಾಗಿಲಲ್ಲಿ ನಿಂತಿರುತ್ತಿದ್ದ ಹೆಂಗಸು ಈ ಗುಡ್ಡ ಇಳಿದು ಬಂದು ನಿಂತಿರುತ್ತಿದ್ದಳು. ನಾನು ಅದನ್ನು ಲೆಕ್ಕಕ್ಕಿಲ್ಲದವರ ಗೋರಿ ಅಂದಿದ್ದೆ.

"ಫರಸಿ ಕಡೀ ವರ್ಷ ಇಡಿಸಿದಳು" ಎಂದು ಮಾವನವರು ಮುಂದುವರಿಸಿದರು. "ಹಾಸಿಗಿ ಹಿಡಿದಾಗ ನೀ ಎಣ್ಣಿ ಹಚ್ಚಿ ನೀರು ಎರೀತಿದ್ದೆಲ್ಲ, ಆವಾಗ. ಇನ್ನ ಇಕಿ ಹೋಗಂಗಿಲ್ಲ ಬಿಡ್ರಿ ಅಂದಳು. ಅಷ್ಟು ವರ್ಷ ಬೇಕಾತು ಅಕಿಗಿ ನಂಬಿಕಿ ಬರಾಕ! ಅಕಿಗಿ ಹತ್ತಾಕ ಆಗ್ತಿರಲಿಲ್ಲ. ಬೇವಿನ ಗಿಡದ ತನಕ ನನ್ನ ಕೈ ಹಿಡಕೊಂಡು ಬಂದು ಕುಂತಳು. ಎಲ್ಲಾ ಗುಪ್ಪಿ ಯಾವುದ್ಯಾವುದು ಅಂತ ಆವಾಗ ಹೇಳಿದಳು. ಫರಸಿ ಹೊತ್ತು ಇಲ್ಲಿ ತನಕ ತಂದವ ನಾನು."

ಅವರು ನಮ್ಮಿಬ್ಬರನ್ನೂ ನೋಡಿದರು.

"ಕಲ್ಲು ಅಂದ್ರ ಕಲ್ಲು, ಅದರಾಗ ಎರಡನೇ ಮಾತಿಲ್ಲ" ಅಂದರು. "ಬಿದ್ದಿದ್ದು ಕಂಡ್ರ ಎತ್ತಿ ಇಡಬೇಕು ಅನಸ್ತದ, ಇಡ್ತೇನಿ. ಅಷ್ಟ."

ಗುಟ್ಟಾಗಿ ಸೇವೆ ಮಾಡುವ ಪುರಾತನರ ವಂಶದವರು ನನ್ನ ಕೈಯ ರೊಟ್ಟಿಯನ್ನೇ ತಿನ್ನುತ್ತಿದ್ದರು. ಬೆಳಿಗ್ಗೆ ತೊಗರಿ ನೋಡಿ ಬರುತ್ತೇನೆ ಎಂದು ಹೋಗಿ ಮೇಕೆ ಕೆಡವಿದ್ದನ್ನು ಜೋಡಿಸಿ ಬರುತ್ತಿದ್ದರು. ಅಧ್ಯಾಪಕರು ಎದ್ದು ಕೈ ಝಾಡಿಸಿಕೊಂಡು, "ಇದು ನಮ್ಮ ವಿಷಯ ಅಲ್ಲ ಬಿಡ್ರಿ ಯಜಮಾನ್ರ" ಎಂದು, ಇಳಿಯುವಾಗ ಸೊಟ್ಟ ಗುಪ್ಪೆಯನ್ನು ಬಳಸಿಕೊಂಡು ಹೋದರು. ಮನೆಗೆ ಬಂದು ಅವರಿಗೆ ಬಡಿಸುವಾಗ ನನಗೆ ಕಣ್ಣು ಮಂಜಾಗಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ.

ಅಂದಿನಿಂದ ನಾವಿಬ್ಬರೂ ಸಂಜೆ ಜೊತೆಗೇ ಗುಡ್ಡಕ್ಕೆ ಹೋಗುತ್ತೇವೆ. ಮಾವನವರ ಕಾಲು ನಿಧಾನ, ನನ್ನ ಶುಗರ್ ಕಡಿಮೆಯಾಗುವ ಲಕ್ಷಣವಿಲ್ಲ. ಅವರಿಗೆ ಒಂಟೆ, ಎಮ್ಮೆ ಎಲ್ಲ ತೋರಿಸಿದ್ದಾಯಿತು. ಒಂಟೆ ಅವರಿಗೆ ಆಡಾಗಿ ಕಂಡಿತು. ಸ್ಕೂಟರ್ ಮಾತ್ರ ಅವರೇ ಗುರುತು ಹಿಡಿದರು, ಅಂಗಡಿ ಕಾಲದ ತಮ್ಮ ಹಳೆಯ ಸ್ಕೂಟರಿನ ಹಾಗೆಯೇ ಇದೆಯಂತೆ.

ಮೊನ್ನೆ ತೊಗರಿ ಹೂ ಬಿಟ್ಟಾಗ ಹೋದೆವು. ಸಾಲಿನ ಕೊನೆಯಲ್ಲಿ, ಅತ್ತೆ ಕಟ್ಟಿದ ಮೊದಲ ಮನೆಗೆ ಅಂಟಿಕೊಂಡಂತೆ, ಒಂದು ಹೊಸ ಗುಪ್ಪೆ ಇತ್ತು. ಮೂರೇ ಕಲ್ಲು, ಕಟ್ಟಿ ರೂಢಿಯಿಲ್ಲದವರು ಕಟ್ಟಿದ್ದು. ಮೇಲೆ ಫರಸಿ ಇರಲಿಲ್ಲ. ಅಲ್ಲಿಂದ ನೋಡಿದರೆ ಕೆಳಗೆ ಹಳದಿ ಹೊಲ, ಬೇವಿನ ಗಿಡ, ಗಿಡದ ಕೆಳಗೆ ಅತ್ತೆಯ ಪಕ್ಕದಲ್ಲಿ ಬಿಟ್ಟ ಆ ಖಾಲಿ ಜಾಗ ನೇರ ಕಾಣುತ್ತದೆ.

ಮಾವನವರು ಕೋಲಿನಿಂದ ಅದನ್ನು ತೋರಿಸಿದರು.

"ಎಲ್ಲಾ ಕಲ್ಲಿಗೂ ಅರ್ಥ ಹೇಳ್ತಿ. ಇದಕ್ಕ ಹೇಳು ನೋಡೂಣು."

ಅರ್ಥ ನನಗೆ ಗೊತ್ತಿತ್ತು. ಈ ಒಂದು ಸಲ ತಪ್ಪಾಗಿರಲಿಲ್ಲ. ಅವರಿಗೂ ಅದು ಗೊತ್ತಿತ್ತು, ನನ್ನ ಮುಖವನ್ನೇ ನೋಡುತ್ತಿದ್ದರು.

"ಕಲ್ಲು ಅಂದ್ರ ಕಲ್ಲು ರಿ ಮಾವಾರ" ಅಂದೆ.

ಅವರು ತಲೆಯಾಡಿಸಿ ನಕ್ಕರು. "ಭಾಳ ತಡಾ ಮಾಡಿ ಕಲ್ತಿ ಯವ್ವಾ" ಅಂದು ಮುಂದೆ ನಡೆದರು.

ನಮ್ಮ ಹಿತ್ತಲಲ್ಲಿ ಕೊಳಕೂರದ ಫರಸಿಯ ಕೊನೆಯ ತುಂಡು ಗೋಡೆಗೆ ಒರಗಿಕೊಂಡಿತ್ತು. ಮನೆಗೆ ಬಂದವಳೇ ಅದನ್ನು ತೆಗೆದು ಕಟ್ಟಿಗೆಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಸೇರಿಸಿಟ್ಟಿದ್ದೇನೆ. ಆ ಮೂರು ಕಲ್ಲಿನ ಮನೆಗೆ ಮಾಳಿಗೆಯ ಅವಸರವೇನಿಲ್ಲ.